ಮುದ್ರೆ ಮಾಯುವವರೆಗೆ

ನಮ್ಮ ಮನೆಯಲ್ಲಿ ಮುದ್ರೆಯನ್ನು ಯಾರೂ ಸುಟ್ಟಗಾಯ ಎಂದು ಕರೆಯುವುದಿಲ್ಲ. ಆಷಾಢದ ಏಕಾದಶಿಯ ದಿನ ಮಠದ ಸ್ವಾಮಿಗಳು ಹೋಮದ ಬೆಂಕಿಯಲ್ಲಿ ಕಾಯಿಸಿದ ಲೋಹದ ಚಕ್ರವನ್ನು ಬಲಗೈಗೂ ಶಂಖವನ್ನು ಎಡಗೈಗೂ ಒತ್ತುತ್ತಾರೆ. ಚುರ್ರ್ ಎನ್ನುತ್ತದೆ, ಕಣ್ಣಲ್ಲಿ ನೀರು ಬರುತ್ತದೆ, ಅಷ್ಟೇ. ಮರುದಿನ ಗುಳ್ಳೆ ಏಳುತ್ತದೆ, ಆಮೇಲೆ ಹಕ್ಕಳೆ ಕಟ್ಟಿ ಉದುರುತ್ತದೆ. ನಮ್ಮದು ಅರ್ಚಕರ ಮನೆತನ. ಎಳೆಯ ಮಕ್ಕಳಾಗಿದ್ದಾಗಲೇ ನಮ್ಮನ್ನು ಎತ್ತಿಕೊಂಡು ಹೋಗಿ ಮುದ್ರೆ ಹಾಕಿಸಿದ್ದರಂತೆ. ವೈಕುಂಠದ ಬಾಗಿಲಲ್ಲಿ ಗುರುತು ಕೇಳುತ್ತಾರೆ, ಕೈ ತೋರಿಸಿದರೆ ಸಾಕು ಎಂದು ಅಜ್ಜಿ ಹೇಳುತ್ತಿದ್ದರು. ದೊಡ್ಡವಳಾಗಿ ನಾನು ಜೀವಶಾಸ್ತ್ರ ಓದಿದೆ, ಪಿಯು ಕಾಲೇಜಿನಲ್ಲಿ ಅದನ್ನೇ ಹೇಳಿಕೊಡತೊಡಗಿದೆ. ಆದರೂ ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಂತು ಕೈ ಚಾಚುವುದನ್ನು ಬಿಡಲಿಲ್ಲ. ನಂಬುತ್ತೀಯಾ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ನಂಬಿಕೆ ಎಂದು ನಾನು ಅದನ್ನು ಯೋಚಿಸಿಯೇ ಇರಲಿಲ್ಲ, ಅದು ಮಳೆಗಾಲದ ಒಂದು ದಿನದ ಕೆಲಸ.

ಕೂಳೂರಿನಲ್ಲಿ, ಸೇತುವೆಗೆ ಹತ್ತಿರದ ಒಂದು ಫ್ಲ್ಯಾಟಿನಲ್ಲಿ ನಾನು ಮತ್ತು ಅಕ್ಕ ಇದ್ದೆವು. ನನಗೆ ಮದುವೆಯಾಗಲಿಲ್ಲ. ಅಕ್ಕನಿಗೆ ಆಗಿತ್ತು, ಭಾವ ದೇವಸ್ಥಾನದಲ್ಲಿ ಪೂಜೆಗಿದ್ದವರು, ಮಕ್ಕಳಾಗುವ ಮೊದಲೇ ತೀರಿಕೊಂಡರು. ಅಕ್ಕ ಬೈಕಂಪಾಡಿಯ ಒಂದು ಕಂಪನಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿ ಸೇರಿ, ಫೋನ್ ಜೋಡಿಸುವ ಆ ಬೋರ್ಡು ಹೋಗಿ ಎಲ್ಲರ ಕಿಸೆಗೂ ಮೊಬೈಲ್ ಬಂದ ಮೇಲೂ ಅಲ್ಲೇ ಆಫೀಸಿನಲ್ಲಿ ಉಳಿದು, ಕೊನೆಗೆ ನಿವೃತ್ತಳಾದಳು. ಎದುರಿನವರ ಮಾತು ಅರ್ಧದಲ್ಲಿರುವಾಗಲೇ ಅವರಿಗೆ ಯಾರು ಬೇಕೆಂದು ಅವಳಿಗೆ ಗೊತ್ತಾಗುತ್ತಿತ್ತು. ನನ್ನ ಸಿಡುಕಿಗೆ ಅವಳು ಎದುರು ಸಿಡುಕಿದ್ದಿಲ್ಲ. 'ಸರಿ, ಹೋಲ್ಡ್ ಮಾಡು' ಎಂದು ಒಳಗೆ ಹೋಗಿಬಿಡುತ್ತಿದ್ದಳು. ಮನೆಯಲ್ಲಿ ನಮ್ಮದು ತುಳು. ಬರೆಯುವುದು ಕನ್ನಡದಲ್ಲಾದ್ದರಿಂದ ಅವಳ ಮಾತನ್ನು ಕನ್ನಡಕ್ಕೆ ತರುತ್ತಿದ್ದೇನೆ. ತರುವಾಗ ಅವಳ ಧ್ವನಿ ಸ್ವಲ್ಪ ಕಳೆದುಹೋಗುತ್ತದೆ, ಅದು ನನಗೆ ಬೇಸರ.

ಅಕ್ಕನಿಗೆ ಮೊದಲು ಗಡ್ಡೆ ಕಂಡದ್ದು ದೊಡ್ಡ ಕರುಳಿನಲ್ಲಿ. ಅದನ್ನು ತೆಗೆದರು. ಒಂದು ವರ್ಷ ಚೆನ್ನಾಗಿದ್ದಳು. ಆಮೇಲೆ ಲಿವರಿನಲ್ಲಿ ಕಾಣಿಸಿತು. ಡಾಕ್ಟರರ ಲೆಕ್ಕ ಸರಳವಾಗಿತ್ತು: ಕೀಮೋ ಕೊಟ್ಟು, ಜೊತೆಗೆ ಇನ್ನೊಂದು ಮದ್ದು ಕೊಟ್ಟು ಗಡ್ಡೆಯನ್ನು ಕುಗ್ಗಿಸುವುದು, ಕುಗ್ಗಿದರೆ ಲಿವರಿನ ಆ ಭಾಗವನ್ನು ಕತ್ತರಿಸಿ ತೆಗೆಯುವುದು. ಆಪರೇಷನ್ ಆದರೆ ಅವಳು ಉಳಿಯಬಹುದು. ಆಗದಿದ್ದರೆ ಮದ್ದಿನಿಂದ ದಿನ ದೂಡಬಹುದು, ಅಷ್ಟೇ. ಹೀಗೆ ನಮ್ಮ ಮನೆಯ ಎಲ್ಲ ಆಸೆಯೂ ಒಂದು ಆಪರೇಷನ್ನಿನ ಮೇಲೆ ನಿಂತಿತು.

ಆ ಇನ್ನೊಂದು ಮದ್ದು ಎಂತದ್ದು ಎಂದು ಅಕ್ಕ ಕೇಳಿದಳು. ಸಂಜೆ ಕಾಫಿ ಕುಡಿಯುತ್ತಾ ಬಾಲ್ಕನಿಯಲ್ಲಿ ಕೂತಿದ್ದೆವು. ಕೆಳಗೆ ಪಣಂಬೂರಿನ ಬಂದರಿಗೆ ಹೋಗುವ ಲಾರಿಗಳು ಸೇತುವೆಯ ಮೇಲೆ ಸಾಲುಗಟ್ಟಿದ್ದವು. ಪಾಠ ಹೇಳುವ ಅವಕಾಶ ಸಿಕ್ಕಿದರೆ ನಾನು ಬಿಡುವವಳಲ್ಲ, ಶುರು ಮಾಡಿದೆ. ಗಡ್ಡೆ ಬೇಗ ಬೇಗ ಬೆಳೆಯುತ್ತದೆ, ರಕ್ತನಾಳ ಅಷ್ಟು ಬೇಗ ಬೆಳೆಯುವುದಿಲ್ಲ. ಹಾಗಾಗಿ ಗಡ್ಡೆಯ ನಡುವಿನ ಜೀವಕೋಶಗಳಿಗೆ ಆಕ್ಸಿಜನ್ ಸಿಗುವುದಿಲ್ಲ. ನಮ್ಮ ಪ್ರತಿಯೊಂದು ಜೀವಕೋಶವೂ ಒಂದು ಪ್ರೋಟೀನನ್ನು ಮಾಡುತ್ತಲೇ ಇರುತ್ತದೆ, ಮಾಡಿದ ಕೂಡಲೇ ಅದನ್ನು ನಾಶ ಮಾಡುತ್ತಲೂ ಇರುತ್ತದೆ. ನಾಶ ಮಾಡಲು ಆಕ್ಸಿಜನ್ ಬೇಕು. ಉಸಿರು ಕಟ್ಟಿದ ಕೋಶದಲ್ಲಿ ಅದು ನಾಶವಾಗದೆ ಉಳಿದು, ಕೋಶದ ಕೇಂದ್ರಕ್ಕೆ ಹೋಗಿ, ಮಲಗಿದ್ದ ವಂಶವಾಹಿಗಳನ್ನು ಎಬ್ಬಿಸುತ್ತದೆ. ಆಗ ಕೋಶದಿಂದ ಒಂದು ಸಂಕೇತ ಹೊರಗೆ ಹರಿಯುತ್ತದೆ. ಪಕ್ಕದಲ್ಲಿ ಸುಮ್ಮನೆ ಇದ್ದ ರಕ್ತನಾಳಕ್ಕೆ ಅದು ತಲುಪಿದರೆ ನಾಳ ಚಿಗುರುತ್ತದೆ, ಸಂಕೇತ ಬಂದ ದಿಕ್ಕಿಗೇ ಬೆಳೆಯುತ್ತದೆ, ಗಡ್ಡೆಯೊಳಗೆ ಹೊಕ್ಕು ಅದಕ್ಕೆ ರಕ್ತ ಕೊಡುತ್ತದೆ. ಗಡ್ಡೆ ಇನ್ನಷ್ಟು ಬೆಳೆಯುತ್ತದೆ, ಮತ್ತೆ ನಡುವಿಗೆ ಗಾಳಿ ಸಾಲದು, ಮತ್ತೆ ಕರೆಯುತ್ತದೆ.

ನಾನು ಇಷ್ಟು ಹೇಳಿ ಕಾಫಿ ಆರಿಹೋಯಿತಲ್ಲ ಎಂದು ಲೋಟ ನೋಡಿದೆ. ಅಕ್ಕ ಲಾರಿಗಳನ್ನು ನೋಡುತ್ತಿದ್ದಳು.

"ಅಂದರೆ ಒಳಗಿಂದ ಫೋನ್ ಮಾಡ್ತಾ ಉಂಟು," ಎಂದಳು. "ಮದ್ದು ಎಂತ ಮಾಡ್ತದೆ? ಲೈನ್ ಕಟ್ ಮಾಡ್ತದಾ?"

ಮದ್ದು ಮಾಡುವುದು ಅದನ್ನೇ. ಗಡ್ಡೆ ಕಳಿಸಿದ ಸಂಕೇತವನ್ನು ದಾರಿಯಲ್ಲೇ ಹಿಡಿದುಬಿಡುತ್ತದೆ, ನಾಳಕ್ಕೆ ತಲುಪಲು ಬಿಡುವುದಿಲ್ಲ. ತರಗತಿಯಲ್ಲಿ ಒಂದು ಗಂಟೆ ಹೇಳಿದರೂ ಅರ್ಧ ಮಕ್ಕಳಿಗೆ ಹತ್ತದ ವಿಷಯ ಇದು. ನನಗೆ ಖುಷಿಯಾಯಿತು. ಅಕ್ಕ ಮಾತ್ರ, ಅಷ್ಟು ಕಷ್ಟದಲ್ಲಿ ಕರೆಯುವಾಗ ಯಾರೂ ಎತ್ತದಿದ್ದರೆ ಪಾಪ ಅನ್ನಿಸ್ತದೆ ಮಾರಾಯ್ತಿ, ಎಂದು ನಕ್ಕಳು. ಗಡ್ಡೆಗೂ ಪಾಪ ಎನ್ನುವವಳು ಅವಳು.

ಮದ್ದು ಕೊಡುವ ಮೊದಲು ಡಾಕ್ಟರರು ಎಚ್ಚರಿಕೆ ಹೇಳಿದ್ದರು. ರಕ್ತದೊತ್ತಡ ಏರಬಹುದು, ಮೂಗಿನಲ್ಲಿ ರಕ್ತ ಬರಬಹುದು. ಗಾಯವಾದರೆ ಬೇಗ ಮಾಯುವುದಿಲ್ಲ, ಹಲ್ಲು ಕೀಳಿಸುವುದಿದ್ದರೂ ತಿಳಿಸಬೇಕು. ಆಪರೇಷನ್ನಿಗೆ ಕೆಲವು ವಾರ ಮೊದಲೇ ಅದನ್ನು ನಿಲ್ಲಿಸಬೇಕು, ಮೈಮೇಲೆ ಮಾಯದ ಗಾಯ ಇದ್ದರೆ ಆಪರೇಷನ್ ಇಲ್ಲ. ನಾನು ಇದನ್ನು ಬಹಳ ಗಂಭೀರವಾಗಿ ತೆಗೆದುಕೊಂಡೆ. ಮನೆಗೆ ಬಂದು ಮೆಟ್ಟುಕತ್ತಿಯನ್ನು ಅಟ್ಟಕ್ಕೆ ಹಾಕಿದೆ, ತರಕಾರಿ ಹೆಚ್ಚುವ ಕೆಲಸವನ್ನು ನಾನೇ ವಹಿಸಿಕೊಂಡೆ. ಅಕ್ಕನಿಗೆ ಉಗುರು ಕತ್ತರಿಸಲೂ ಬಿಡುತ್ತಿರಲಿಲ್ಲ. ಬಚ್ಚಲಿನಲ್ಲಿ ಜಾರಬಾರದೆಂದು ರಬ್ಬರ್ ಮ್ಯಾಟ್ ಹಾಕಿದೆ. ನನ್ನನ್ನು ಜೈಲರ್ ಎಂದು ಅವಳು ಫೋನಿನಲ್ಲಿ ಅತ್ತಿಗೆಯ ಹತ್ತಿರ ದೂರಿದಳು. ಅತ್ತಿಗೆ ಎಂದರೆ ನಮ್ಮ ಅಣ್ಣನ ಹೆಂಡತಿ. ಅಣ್ಣ ಊರಾಚೆಯ ಒಂದು ದೇವಸ್ಥಾನದಲ್ಲಿ ಅರ್ಚಕ, ದೇವರ ಪೂಜೆ ಬಿಟ್ಟು ಎಲ್ಲಿಗೂ ಬರಲಾರ. ಅವರನ್ನು ನೋಡುವುದು ವರ್ಷಕ್ಕೆ ಒಂದೆರಡು ಸಲ.

ಆ ಒಂದೆರಡು ಸಲದಲ್ಲಿ ಒಂದು ಏಕಾದಶಿ. ಆ ವರ್ಷವೂ ಬಂತು. ಜಿರಿಜಿರಿ ಮಳೆ. ಅಕ್ಕನಿಗೆ ಕೀಮೋದಿಂದ ಸುಸ್ತು, ಆದರೂ ಹೊರಟಳು. ಹೋಗೋಣ ಎಂದವಳು ಅವಳು, ರಿಕ್ಷಾ ಕರೆದವಳು ನಾನು. ಉಪವಾಸ ಬೇಡ ಎಂದು ಬೆಳಿಗ್ಗೆ ಅವಳಿಗೆ ಹಾಲು ಕುಡಿಸಿದೆ, ಮಾತ್ರೆ ಕೊಟ್ಟೆ, ಜನಜಂಗುಳಿ ಇರುತ್ತದೆಂದು ಮೂಗಿಗೆ ಮಾಸ್ಕ್ ಹಾಕಿಸಿದೆ. ಸಾಲು ಉದ್ದ ಇತ್ತು. ಅಣ್ಣ ಅತ್ತಿಗೆ ಮುಂದೆ ನಿಂತಿದ್ದವರು ನಮ್ಮನ್ನು ಕರೆದು ಸೇರಿಸಿಕೊಂಡರು. ಬಂಧುಗಳೆಲ್ಲ ಒಬ್ಬೊಬ್ಬರಾಗಿ ಅಕ್ಕನ ಆರೋಗ್ಯ ಕೇಳಿದರು, ನನ್ನ ಕಾಲೇಜು ಕೇಳಿದರು. ವರ್ಷದ ಉಳಿದ ದಿನಗಳಲ್ಲಿ ನನ್ನ ಹೆಸರು ಹಿಡಿದು ಕರೆಯುವವರು ಅಕ್ಕನನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಆ ದಿನ ಎಲ್ಲರೂ ಕರೆಯುತ್ತಿದ್ದರು. ನನಗೆ ಹಿತವಾಗಿತ್ತು, ಅದನ್ನು ಮುಚ್ಚಿಡುವುದು ಬೇಡ. ಅಕ್ಕ ಮೊದಲು ಕೈ ಚಾಚಿದಳು. ಅವಳ ಹಿಂದೆ ನಾನು ಚಾಚಿದೆ. ಒಂದೇ ಬೆಂಕಿಯಲ್ಲಿ ಕಾಯಿಸಿದ ಅದೇ ಚಕ್ರ, ಅದೇ ಶಂಖ.

ಮೆಟ್ಟುಕತ್ತಿಯನ್ನು ಅಟ್ಟಕ್ಕೆ ಹಾಕಿದವಳಿಗೆ ಅಲ್ಲಿ ಗಾಯ ಎಂಬ ಶಬ್ದ ನೆನಪಿಗೇ ಬರಲಿಲ್ಲ. ಡಾಕ್ಟರರು ಗಾಯ ಎಂದಾಗ ನನ್ನ ತಲೆಯಲ್ಲಿ ಕತ್ತಿ ಇತ್ತು, ಗಾಜು ಇತ್ತು, ಕುಕ್ಕರಿನ ಹಬೆ ಇತ್ತು. ಮುದ್ರೆ ಇರಲಿಲ್ಲ. ಅಣ್ಣನಿಗೂ ಅತ್ತಿಗೆಗೂ ಹೊಳೆಯಲಿಲ್ಲ. ಬೇರೆ ಜಾತಿಯ ಯಾರೇ ನಮ್ಮ ಜೊತೆಗಿದ್ದರೂ ಆ ಕೆಂಡವನ್ನು ನೋಡಿ, ಇದೆಂತ ಮಾಡ್ತೀರಿ ಎಂದು ಅಕ್ಕನ ಕೈ ಹಿಂದಕ್ಕೆ ಎಳೆಯುತ್ತಿದ್ದರೋ ಏನೋ.

ದಿನಗಳು ಹೋದವು. ಒಂದು ಬೆಳಿಗ್ಗೆ ತಿಂಡಿಗೆ ಕೂತಾಗ ಇಬ್ಬರ ಬಲಗೈಯೂ ಮೇಜಿನ ಮೇಲೆ ಅಕ್ಕಪಕ್ಕ ಇತ್ತು. ನನ್ನ ಚಕ್ರದ ಹಕ್ಕಳೆ ಉದುರಿ ಕೆಳಗೆ ಹೊಸ ಚರ್ಮ ಕಾಣುತ್ತಿತ್ತು. ಅಕ್ಕನದು ಹಾಕಿಸಿದ ಮೂರನೆಯ ದಿನ ಹೇಗಿತ್ತೋ ಹಾಗೆಯೇ ಇತ್ತು, ಒದ್ದೆ, ಅಂಚು ಬಿಳಿಚಿಕೊಂಡು. ಅವಳು ಗೋಪಿಚಂದನ ಹಚ್ಚಿ ಹಚ್ಚಿ ಮುಚ್ಚಿಟ್ಟಿದ್ದಳು. ಪ್ರಯೋಗಶಾಲೆಯಲ್ಲಿ ನಾನು ಮಕ್ಕಳಿಗೆ ಎರಡು ಬೀಕರು ಇಟ್ಟು ತೋರಿಸುತ್ತೇನೆ. ಒಂದಕ್ಕೆ ಮದ್ದು ಹಾಕಿದ್ದು, ಇನ್ನೊಂದು ಹಾಗೇ ಬಿಟ್ಟದ್ದು. ನನ್ನ ಕೈ ಆ ಎರಡನೆಯ ಬೀಕರಾಗಿ ಅಲ್ಲಿ ಕೂತಿತ್ತು. ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡೆ.

ಆಸ್ಪತ್ರೆಯಲ್ಲಿ ಡಾಕ್ಟರರು ಇದು ಎಲ್ಲಿ ಸುಟ್ಟುಕೊಂಡದ್ದು ಎಂದು ಕೇಳಿದರು.

"ಸುಟ್ಟುಕೊಂಡದ್ದಲ್ಲ ಡಾಕ್ಟ್ರೇ," ಎಂದಳು ಅಕ್ಕ, "ಮುದ್ರೆ."

ಅವರು ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಎರಡೂ ಕೈಯನ್ನು ತಿರುಗಿಸಿ ನೋಡಿ, ಕೀವು ಶುರುವಾಗಿದೆ ಎಂದರು. ಗಾಯ ಮಾಯುವವರೆಗೆ ಆ ಮದ್ದು ಬೇಡ, ಕೀಮೋವನ್ನೂ ಮುಂದೆ ಹಾಕೋಣ, ಮಾಯಿದ ಮೇಲೆ ಸ್ಕ್ಯಾನ್ ಮಾಡಿ ಆಪರೇಷನ್ ನಿರ್ಧರಿಸೋಣ ಎಂದರು. ಅಕ್ಕನನ್ನು ಹೊರಗೆ ಕೂರಿಸಿ ನಾನು ಒಬ್ಬಳೇ ಒಳಗೆ ಹೋಗಿ, ಅಷ್ಟರವರೆಗೆ ಲಿವರಿನಲ್ಲಿ ಇರುವುದರ ಕತೆ ಏನು ಎಂದು ಕೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು. ನೀವು ಬಯಾಲಜಿಯವರಲ್ವಾ ಮೇಡಂ, ಎಂದರು. ನಾನು ಫೈಲು ಎತ್ತಿಕೊಂಡು ಹೊರಗೆ ಬಂದೆ.

ರಿಕ್ಷಾದಲ್ಲಿ ಬರುವಾಗ ಅಕ್ಕ ಕೇಳಿದಳು, ಮುದ್ರೆ ಯಾಕೆ ಮಾಯುವುದಿಲ್ಲ ಎಂದು. ಗಾಯವೂ ಹಾಗೆಯೇ ಕರೆಯುವುದು ಎಂದೆ. ಚರ್ಮ ಹರಿದಲ್ಲಿ ರಕ್ತನಾಳವೂ ತುಂಡಾಗಿರುತ್ತದೆ, ಅಲ್ಲಿಗೂ ಗಾಳಿ ಸಾಲದು, ಅಲ್ಲಿನ ಕೋಶಗಳೂ ಅದೇ ಸಂಕೇತ ಕಳಿಸುತ್ತವೆ, ನಾಳ ಚಿಗುರಿ ಬಂದರೆ ತಾನೆ ಗಾಯ ತುಂಬುವುದು. ಗಡ್ಡೆ ಹೊಸದೇನನ್ನೂ ಕಂಡುಹಿಡಿದದ್ದಲ್ಲ. ಗಾಯ ಮಾಯಿಸಲು ದೇಹ ಇಟ್ಟುಕೊಂಡ ವ್ಯವಸ್ಥೆಯನ್ನೇ ಅದು ಬಳಸಿಕೊಳ್ಳುತ್ತದೆ. ಮದ್ದಿಗೆ ಎರಡರ ವ್ಯತ್ಯಾಸ ತಿಳಿಯುವುದಿಲ್ಲ. ಅಕ್ಕ ಹೂಂ ಎಂದಳು.

ಆಮೇಲಿನ ವಾರಗಳು ನನ್ನ ಜೀವನದಲ್ಲೇ ಅತ್ಯಂತ ಒಂಟಿಯಾದವು. ಈಗ ಇದನ್ನು ಬರೆಯುವಾಗ ಮನೆಯಲ್ಲಿ ಫ್ರಿಜ್ಜಿನ ಶಬ್ದ ಬಿಟ್ಟರೆ ಬೇರೆ ಶಬ್ದವಿಲ್ಲ, ಆದರೂ ಆಗಿನಷ್ಟು ಒಂಟಿತನ ಈಗ ಇಲ್ಲ. ಆಗ ಅಕ್ಕ ಪಕ್ಕದಲ್ಲೇ ಇದ್ದಳು. ದಿನಾ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಅವಳ ಕೈಗಳ ಡ್ರೆಸ್ಸಿಂಗ್ ಬಿಚ್ಚಿ, ತೊಳೆದು, ಮುಲಾಮು ಹಚ್ಚಿ ಕಟ್ಟುತ್ತಿದ್ದೆ. ಮಾಯಿದ ನನ್ನ ಕೈ ಅವಳಿಗೆ ಕಾಣಬಾರದೆಂದು ಮಳೆ ಬಿಟ್ಟಾಗಿನ ಸೆಕೆಯಲ್ಲೂ ಉದ್ದ ತೋಳಿನ ರವಿಕೆ ಹಾಕುತ್ತಿದ್ದೆ. ಗಾಯ ಬೇಗ ಮಾಯಲಿ ಎಂದು ದೇವರಿಗೆ ಕೈ ಮುಗಿಯುವಾಗ ನನ್ನ ಬಾಯಿ ಅರ್ಧದಲ್ಲಿ ನಿಲ್ಲುತ್ತಿತ್ತು. ಗಾಯ ಮಾಯಲಿ ಎಂದರೆ ನಾಳಗಳು ಚಿಗುರಲಿ ಎಂದ ಹಾಗೆ. ಚಿಗುರುವುದಕ್ಕೆ ಬಿಟ್ಟ ಮೇಲೆ ಅವು ಕೈಯಲ್ಲಿ ಮಾತ್ರ ಚಿಗುರುತ್ತವೆ ಎಂದು ಹೇಳುವವರು ಯಾರು? ಮಾಯದಿದ್ದರೆ ಆಪರೇಷನ್ ಇಲ್ಲ. ಮಾಯಿದರೆ ಲಿವರಿನಲ್ಲಿದ್ದದ್ದೂ ಹೊಟ್ಟೆ ತುಂಬಿಸಿಕೊಂಡಿರುತ್ತದೆ. ಯಾವುದನ್ನು ಬೇಡಬೇಕೆಂದು ನನಗೆ ಗೊತ್ತಾಗುತ್ತಿರಲಿಲ್ಲ.

ಹೇಳೋಣವೆಂದರೆ ಯಾರಿಗೆ ಹೇಳುವುದು? ಅಣ್ಣನಿಗೆ ಫೋನ್ ಮಾಡಿದೆ. ಅಣ್ಣ ನನ್ನ ಮಾತು ಪೂರ್ತಿ ಕೇಳುವ ಮೊದಲೇ ದೇವರ ಮುದ್ರೆಯಿಂದ ಕೆಟ್ಟದ್ದಾಗುವುದುಂಟಾ ಎಂದ. ಅವನದು ತಪ್ಪಲ್ಲ, ಬೆಳಿಗ್ಗೆ ಬೇಗ ಎದ್ದು ದೇವರಿಗೆ ಅಭಿಷೇಕ ಮಾಡುವವನು ಇನ್ನೇನು ಹೇಳಿಯಾನು. ಸ್ಟಾಫ್‌ರೂಮಿನಲ್ಲಿ ನನ್ನ ಹತ್ತಿರ ಕುರ್ಚಿ ಎಳೆದು ಕೂರುವವರು ಮೊದಲೇ ಇರಲಿಲ್ಲ. ಆ ತಿಂಗಳು ತರಗತಿಯಲ್ಲಿ ರಕ್ತ ಮತ್ತು ರಕ್ತನಾಳದ ಪಾಠ ಬಂತು. ಬೋರ್ಡಿನ ಮೇಲೆ ಕೆಂಪು ಚಾಕಿನಲ್ಲಿ ಒಂದು ನಾಳ ಬರೆದೆ, ಅದರಿಂದ ಕವಲು ಬರೆದೆ, ಕವಲಿಗೆ ಇನ್ನೊಂದು ಕವಲು. ಬರೆಯುತ್ತಲೇ ಹೋದೆ. ಹಿಂದಿನಿಂದ ಮಕ್ಕಳು ಗುಸುಗುಸು ಮಾಡತೊಡಗಿದಾಗ ಎಚ್ಚರಾಯಿತು. ಡಸ್ಟರ್ ತೆಗೆದುಕೊಂಡು ಎಲ್ಲ ಉಜ್ಜಿ, ಪುಸ್ತಕ ನೋಡಿಕೊಂಡು ಓದಿ ಎಂದು ಗದರಿ ಕೂತೆ.

ಭಾದ್ರಪದದ ಹೊತ್ತಿಗೆ ಅಕ್ಕನ ಗಾಯದ ಬಣ್ಣ ತಿರುಗಿತು. ಒಂದು ದಿನ ಡ್ರೆಸ್ಸಿಂಗ್ ಬಿಚ್ಚಿದಾಗ ಚಕ್ರದ ಅಂಚಿನಲ್ಲಿ ತೆಳು ಕೆಂಪು. ಮಾರನೆಯ ವಾರ ಆ ಕೆಂಪು ನಡುವಿನವರೆಗೂ ಹಬ್ಬಿ, ಸಣ್ಣ ಸಣ್ಣ ಕಾಳುಗಳ ಹಾಗೆ ಮಾಂಸ ತುಂಬಿತು. ಅದೇ ಹೊಸ ರಕ್ತನಾಳ. ನಾನು ಪುಸ್ತಕದಲ್ಲಿ ಎಷ್ಟೋ ಸಲ ನೋಡಿದ್ದೆ, ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಚಂದ ಇತ್ತು, ಹೆದರಿಕೆಯೂ ಆಯಿತು. ಅಕ್ಕ ಸಂಭ್ರಮದಿಂದ ಅತ್ತಿಗೆಗೆ ಫೋನ್ ಮಾಡಿ, ಮುದ್ರೆ ಮಾಯ್ತಾ ಉಂಟು ಎಂದು ತಿಳಿಸಿದಳು. ಅತ್ತಿಗೆ ಆ ಕಡೆಯಿಂದ ಹರಕೆ ಹೇಳಿಕೊಂಡದ್ದು ಫಲಿಸಿತು ಎಂದದ್ದು ನನಗೂ ಕೇಳಿಸಿತು. ನಾನು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಪೂರ್ತಿ ಮಾಯಿದ ಮೇಲೆ ಡಾಕ್ಟರರು ಸ್ಕ್ಯಾನಿಗೆ ದಿನ ಕೊಟ್ಟರು. ಅದರ ಹಿಂದಿನ ಸಂಜೆ ಅಕ್ಕ ಬಾಲ್ಕನಿಯಲ್ಲಿ ಕೂತು ತನ್ನ ಕೈಯ ಚಕ್ರವನ್ನು ಬೆರಳಿನಿಂದ ಸವರುತ್ತಿದ್ದಳು. ತಡವಾಗಿ ಮಾಯಿದ್ದರಿಂದ ಕಲೆ ದಪ್ಪಗೆ ಎದ್ದಿತ್ತು. ನಾನು ಬಟ್ಟೆ ಮಡಚುತ್ತಿದ್ದೆ.

"ಗಾಯವೂ ಅದೇ ಲೈನಲ್ಲಿ ಕರೆಯುವುದು ಅಂತ ನೀನು ಹೇಳಿದ್ದಲ್ವಾ?" ಎಂದು ಕೇಳಿದಳು.

ಹೌದು ಎಂದೆ.

"ಹಾಗಾದರೆ ಲೈನ್ ಬಿಟ್ಟದ್ದು ಕೈಗೆ ಮಾತ್ರ ಅಲ್ಲ."

ನನ್ನ ಕೈಯಲ್ಲಿ ಅವಳದೇ ಒಂದು ಸೀರೆ ಇತ್ತು. ಅದನ್ನು ಮಡಚಿ ಮುಗಿಸಿದೆ, ಮತ್ತೆ ಬಿಚ್ಚಿದೆ. ಅಲ್ಲ ಎಂದೆ.

ಯಾವಾಗಿಂದ ಗೊತ್ತು ಎಂದು ಕೇಳಿದಳು. ಡಾಕ್ಟರರ ಹತ್ತಿರ ಹೋದ ದಿನದಿಂದ ಎಂದೆ. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಇಷ್ಟು ದಿನ ಒಬ್ಬಳೇ ಇಟ್ಟುಕೊಂಡು ಕೂತದ್ದಾ?" ಎಂದಳು. "ಎಂತ ಮಾರಾಯ್ತಿ ನೀನು. ನನಗೆ ಹೇಳಿದ್ದರೆ ಇಬ್ಬರಾದರೂ ಆಗ್ತಿದ್ದೆವು."

ನಾನು ಅತ್ತೆ. ದೊಡ್ಡವಳಾದ ಮೇಲೆ ಅವಳ ಎದುರು ನಾನು ಹಾಗೆ ಅತ್ತದ್ದು ಇಲ್ಲ. ಅವಳು ನನ್ನ ತೋಳಿನ ಗುಂಡಿ ಬಿಚ್ಚಿ, ರವಿಕೆಯ ತೋಳನ್ನು ಮೇಲಕ್ಕೆ ಸರಿಸಿ, ಮಾಸಿಹೋಗಿದ್ದ ನನ್ನ ಚಕ್ರವನ್ನು ನೋಡಿದಳು. ಈ ಸೆಕೆಯಲ್ಲಿ ಯಾಕೆ ಇದನ್ನು ಹಾಕಿಕೊಂಡು ಬೇಯುತ್ತೀ, ನಾನು ಅವತ್ತು ತಿಂಡಿಗೆ ಕೂತಾಗಲೇ ನೋಡಿದ್ದೇನೆ ಎಂದಳು. ಆ ರಾತ್ರಿ ಇಬ್ಬರೂ ಗಂಜಿ ಉಂಡು ಒಂದೇ ಕೋಣೆಯಲ್ಲಿ ಮಲಗಿದೆವು. ನನಗೆ ಎಷ್ಟೋ ದಿನಗಳ ನಂತರ ನಿದ್ದೆ ಬಂತು.

ಸ್ಕ್ಯಾನಿನಲ್ಲಿ ಲಿವರಿನ ಗಡ್ಡೆ ದೊಡ್ಡದಾಗಿತ್ತು, ಶ್ವಾಸಕೋಶದಲ್ಲಿ ಹೊಸದು ಕಂಡಿತು. ಆಪರೇಷನ್ನಿನ ಮಾತು ಅಲ್ಲಿಗೆ ಮುಗಿಯಿತು. ಮದ್ದು ನಿಲ್ಲಿಸಿದ್ದೇ ಕಾರಣ ಎಂದು ಲೆಕ್ಕ ಹಾಕಬೇಡಿ ಎಂದು ಡಾಕ್ಟರರು ನನಗೆ ಹೇಳಿದರು. ಆ ಮದ್ದು ಇದ್ದಾಗಲೂ ಗಡ್ಡೆ ಬೇರೆ ದಾರಿ ಹುಡುಕಿಕೊಳ್ಳುತ್ತದೆ, ಶ್ವಾಸಕೋಶದ್ದು ಮೊದಲೇ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಇದ್ದಿರಬಹುದು ಎಂದರು. ಅದು ನಿಜ. ಹಾಗೆಂದು ಪುಸ್ತಕದಲ್ಲೂ ಇದೆ. ನಾನು ಅದನ್ನು ಒಪ್ಪಿದ್ದೇನೆ, ಕೆಲವು ದಿನ ಮಾತ್ರ ಒಪ್ಪಲಾಗುವುದಿಲ್ಲ.

ಅಲ್ಲಿಂದ ಮುಂದೆ ಅಕ್ಕ ಮತ್ತು ನಾನು ಎಲ್ಲವನ್ನೂ ಮಾತಾಡಿದೆವು. ಮದ್ದು ಕೆಲಸ ಮಾಡದಿದ್ದ ದಿನ ಮಾಡಲಿಲ್ಲ ಎಂದೆವು. ಇವತ್ತು ಯಾವ ಕಡೆಯಿಂದ ಫೋನು ಎಂದು ನೋವಿನ ಬಗ್ಗೆ ನಾನು ಕೇಳಿದರೆ, ಇವತ್ತು ಟ್ರಂಕ್ ಕಾಲ್ ಎನ್ನುತ್ತಿದ್ದಳು. ನಗುತ್ತಿದ್ದೆವು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅಂಥ ಜೊತೆ ನಮಗೆ ಇರಲಿಲ್ಲ. ದೀಪಾವಳಿ ಕಳೆದು ಚಳಿ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಅವಳು ಹೋದಳು. ನಾನು ಕಾಫಿಗೆ ನೀರಿಟ್ಟು ಬರುವಷ್ಟರಲ್ಲಿ ಹೋಗಿದ್ದಳು.

ಅಣ್ಣ, ಅತ್ತಿಗೆ ಬಂದರು. ಅಣ್ಣ ಹೊರಗೆ ಸಾಮಾನು ಹೊಂದಿಸುತ್ತಿದ್ದ. ಒಳಗೆ ಅತ್ತಿಗೆ ಮತ್ತು ನಾನು ಸೇರಿ ಅಕ್ಕನಿಗೆ ಸ್ನಾನ ಮಾಡಿಸಿದೆವು. ಅತ್ತಿಗೆ ಅವಳ ಬಲಗೈಯನ್ನು ಎತ್ತಿ, ಒರೆಸುತ್ತಾ ನಿಂತುಬಿಟ್ಟರು. ನೀರಿನಲ್ಲಿ ಒದ್ದೆಯಾಗಿ ಚಕ್ರದ ಒಂದೊಂದು ಗೆರೆಯೂ ಎದ್ದು ಕಾಣುತ್ತಿತ್ತು.

"ನೋಡು, ಮುದ್ರೆ ಎಷ್ಟು ಚಂದ ಕೂತಿದೆ," ಎಂದರು, "ನಮ್ಮದೆಲ್ಲ ಆಗಲೇ ಮಾಸಿಹೋಯಿತು. ಅವಳನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ."

ಅದು ಯಾಕೆ ಅಷ್ಟು ಎದ್ದು ಕಾಣುತ್ತದೆ ಎಂದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು. ನಾನು ಅಕ್ಕನ ಮುಖ ನೋಡಿದೆ. ಆಮೇಲೆ ಅತ್ತಿಗೆಗೆ ಹೌದು ಎಂದು ಹೇಳಿ, ಚೊಂಬಿಗೆ ಮತ್ತೆ ನೀರು ತುಂಬಿಸಿದೆ.